ಮಳೆಕಾಡು ಕಿಟ್: ಆಟ ಇಟ್ಟುಕೊಳ್ಳಿ, ವರ್ಕ್‌ಶೀಟ್ ಬಿಡಿ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಮಕ್ಕಳಿಗೆ ಏಷ್ಯಾದ ಮಳೆಕಾಡಿನ ಪಾಠ ಮಾಡಲು ಬರುವ ಈ ಕಿಟ್ ಕೊಳ್ಳಬಹುದು. 2,650 ರೂಪಾಯಿಗೆ ಮೋಸವಿಲ್ಲ. ಆದರೆ ಅದರ ಜೊತೆಗೆ ಬರುವ ವರ್ಕ್‌ಶೀಟ್ ಪುಸ್ತಕವನ್ನು ನಾನು ಬೀರುವಿನ ಮೇಲೆ ಎತ್ತಿಟ್ಟಿದ್ದೇನೆ, ಅದು ಅಲ್ಲೇ ಇರುತ್ತದೆ.

ನಾನು ಚಿಂಚೋಳಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಟೀಚರ್. ಇಕೋ ಕ್ಲಬ್‌ಗೆ ಬಂದ ದುಡ್ಡನ್ನು ಮಾರ್ಚ್ ಒಳಗೆ ಖರ್ಚು ಮಾಡಿ ಬಿಲ್ ಇಡಬೇಕಿತ್ತು. ಹೆಡ್‌ಮಾಸ್ತರರು ಸಸಿ ತರೋಣ ಅಂದರು. ಹೋದ ವರ್ಷ ತಂದ ಸಸಿಗಳು ಬೇಸಿಗೆ ರಜೆಯಲ್ಲಿ ನೀರಿಲ್ಲದೆ ಒಣಗಿದ್ದನ್ನು ನೆನಪಿಸಿ, ಈ ಸಲ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಇರುವ ಒಂದು ಶೈಕ್ಷಣಿಕ ಸಾಮಗ್ರಿ ಅಂಗಡಿಯಲ್ಲಿ ಈ ಪೆಟ್ಟಿಗೆ ತಂದೆ. ಕಂಪನಿಯ ಹೆಸರು ಇಲ್ಲಿ ಬರೆಯುತ್ತಿಲ್ಲ. ದೂರುಗಳನ್ನು ಅವರಿಗೇ ಪತ್ರ ಬರೆದು ತಿಳಿಸಿದ್ದೇನೆ. ಪೆಟ್ಟಿಗೆಯ ಮೇಲೆ ಒರಾಂಗುಟಾನ್ ಚಿತ್ರ ಇದೆ, ಒಳಗೆ ಏಷ್ಯಾದ ಮಳೆಕಾಡು, ಅಳಿವಿನಂಚಿನ ಪ್ರಾಣಿಗಳು. ಆರರಿಂದ ಎಂಟನೇ ತರಗತಿಗೆ ಎಂದು ಬರೆದಿದ್ದಾರೆ. ನಮ್ಮಲ್ಲಿ ಏಳನೆಯವರು ಚೆನ್ನಾಗಿ ಆಡಿದರು. ಐದನೆಯವರು ಕಿಟಕಿಯಲ್ಲಿ ನಿಂತು ನೋಡಿ, ನಮಗೂ ಬೇಕು ಅಂತ ಹಟ ಹಿಡಿದರು.

ಒಳಗೆ ಏನೇನಿದೆ ಅಂದರೆ: ಪ್ರಾಣಿ ಕಾರ್ಡುಗಳ ಕಟ್ಟು, ಮಳೆಕಾಡಿನ ನಾಲ್ಕು ಪದರಗಳನ್ನು ತೋರಿಸುವ ಆಳೆತ್ತರದ ಬಟ್ಟೆ ಚಿತ್ರ, ನಿಜಗಾತ್ರದ ರಾಫ್ಲೇಸಿಯಾ ಹೂವಿನ ಇನ್ನೊಂದು ಬಟ್ಟೆ, ಗಿಲಕಿ ಡಬ್ಬಿಗಳು, ಹಗ್ಗ, ಶಿಕ್ಷಕರ ಕೈಪಿಡಿ, ಆ ವರ್ಕ್‌ಶೀಟ್ ಪುಸ್ತಕ, ವಿಡಿಯೋ ನೋಡಲು ಸ್ಕ್ಯಾನ್ ಮಾಡುವ ಚೌಕದ ಗುರುತುಗಳು. ವಿಡಿಯೋ ವಿಚಾರ ಇಲ್ಲಿಗೇ ಬಿಡುತ್ತೇನೆ. ನಮ್ಮ ಶಾಲೆಯಲ್ಲಿ ಫೋನಿಗೆ ಸಿಗ್ನಲ್ ಬೇಕೆಂದರೆ ನೀರಿನ ಟ್ಯಾಂಕಿನ ಪಕ್ಕಕ್ಕೆ ಹೋಗಿ ನಿಲ್ಲಬೇಕು.

ಬಟ್ಟೆ ಚಿತ್ರಕ್ಕೆ ಪೂರ್ತಿ ಅಂಕ. ಕಾಗದದ ಚಾರ್ಟ್ ಆಗಿದ್ದರೆ ನಮ್ಮ ಗೋಡೆಯ ಮೇಲೆ ಒಂದು ಮಳೆಗಾಲ ತಾಳುತ್ತಿರಲಿಲ್ಲ. ಇದನ್ನು ಮಡಚಿಡಬಹುದು, ಒಗೆಯಬಹುದು, ನಾನು ಒಗೆದೂ ನೋಡಿದೆ, ಬಣ್ಣ ಬಿಡಲಿಲ್ಲ. ಎಲ್ಲಕ್ಕಿಂತ ಎತ್ತರದ ಮರಗಳು ಮೇಲೆ, ಅದರ ಕೆಳಗೆ ಎಲೆಗಳ ಚಪ್ಪರ, ಅದರ ಕೆಳಗೆ ನೆರಳಿನ ಗಿಡಗಳು, ತಳದಲ್ಲಿ ಕತ್ತಲ ನೆಲ. ಪ್ರಾಣಿಗಳಿಗೆ ಹಿಂದೆ ಅಂಟುಪಟ್ಟಿ ಇದೆ, ಯಾವ ಪದರದಲ್ಲಿ ಯಾರು ಇರುತ್ತಾರೆ ಅಂತ ಮಕ್ಕಳೇ ಹಚ್ಚಬೇಕು. ಟೇಪಿರ್ ಮರಿಯನ್ನು ಹಿಡಿದ ಹುಡುಗ ಅದರ ಮೈಮೇಲಿನ ಬಿಳಿ ಗೆರೆ, ಚುಕ್ಕೆ ನೋಡಿ, "ಟೀಚರ್ರೀ, ಇದು ಕಾಡಹಂದಿ ಮರಿ ಅದರಿ, ನಮ್ಮ ಹೊಲದಾಗ ಬರ್ತಾವ" ಅಂದ. ದೊಡ್ಡದಾದ ಮೇಲೆ ಆ ಗೆರೆ ಹೋಗಿ ಮುಂದೆ ಕಪ್ಪು, ನಡುವೆ ಬಿಳಿ ಆಗುತ್ತದೆ ಎಂದು ಕಾರ್ಡಿನ ಹಿಂಬದಿ ತೋರಿಸಿದೆ. ಹಂದಿಯ ಬಳಗವಲ್ಲ, ಕುದುರೆ, ಘೇಂಡಾಮೃಗದ ಬಳಗ ಅಂದಾಗ ನಂಬಲೇ ಇಲ್ಲ.

ರಾಫ್ಲೇಸಿಯಾ ಬಟ್ಟೆಯನ್ನು ನೆಲಕ್ಕೆ ಹಾಸಿದಾಗ ತರಗತಿ ಗದ್ದಲವೋ ಗದ್ದಲ. ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಈ ಹೂವು ಒಂದು ಮೀಟರ್‌ವರೆಗೆ ಅಗಲ ಬೆಳೆಯುತ್ತದೆ. ಬಿಸಿಯೂಟದ ಅಕ್ಕ ತನ್ನ ಪರಾತ ತಂದು ಮೇಲಿಟ್ಟಳು, ಹೂವೇ ದೊಡ್ಡದಾಯಿತು. ಇದಕ್ಕೆ ಎಲೆಯಿಲ್ಲ, ಕಾಂಡವಿಲ್ಲ, ಒಂದು ಬಳ್ಳಿಯ ಮೇಲೆ ಬದುಕುವ ಪರಾವಲಂಬಿ. ಕೊಳೆತ ಮಾಂಸದ ವಾಸನೆ ಬಿಟ್ಟು ನೊಣಗಳನ್ನು ಕರೆಯುತ್ತದೆ. ಕಿಟ್‌ನವರು ವಾಸನೆಯ ಪುಡಿ ಕೊಟ್ಟಿಲ್ಲ, ಅದಕ್ಕೆ ಅವರಿಗೆ ನನ್ನ ನಮಸ್ಕಾರ.

ಬೆಳಕಿನ ಪ್ರಯೋಗಕ್ಕೆ ಕೈಪಿಡಿ ಹಸಿರು ಪ್ಲಾಸ್ಟಿಕ್ ಹಾಳೆಗಳನ್ನು ತನ್ನಿ ಎನ್ನುತ್ತದೆ. ನಾನು ಹುಡುಗಿಯರಿಗೆ ಮನೆಯಿಂದ ಹಳೆ ಸೀರೆ ತರಲು ಹೇಳಿದೆ. ಮಧ್ಯಾಹ್ನದ ಬಿಸಿಲಿಗೆ ನಾಲ್ಕು ಜನ ನಾಲ್ಕು ಮೂಲೆ ಹಿಡಿದು ನಿಂತರು, ಒಂದು ಸೀರೆ, ಎರಡು, ಮೂರು, ಐದು. ಕೆಳಗೆ ಕೂತವರು ಪುಸ್ತಕ ಓದುತ್ತಾ ಇರಬೇಕು, ಅಕ್ಷರ ಕಾಣದಾಗ ಕೂಗಬೇಕು. ಮಳೆಕಾಡಿನ ನೆಲಕ್ಕೆ ಇಳಿಯುವುದು ಬಿಸಿಲಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ. ನಮ್ಮಲ್ಲಿ ಮೇ ತಿಂಗಳು ಅಂದರೆ ನಲವತ್ತಮೂರು, ನಲವತ್ತನಾಲ್ಕು ಡಿಗ್ರಿ. ಅಂಥ ಊರಿನ ಮಕ್ಕಳಿಗೆ ಹಗಲು ಹೊತ್ತಿನ ಕತ್ತಲನ್ನು ಬಾಯಲ್ಲಿ ಹೇಳಿ ತಿಳಿಸುವುದು ಆಗದ ಮಾತು. ಸೀರೆಯ ಕೆಳಗೆ ಕೂತ ಹುಡುಗಿ "ಇಲ್ಲಿ ತಂಪ್ ಅದ, ನಾ ಏಳಂಗಿಲ್ಲ" ಅಂದಳು. ಪಾಠ ಅಲ್ಲಿಗೆ ಆಯಿತು.

ಮಳೆಯ ಹಗ್ಗದ ಚಟುವಟಿಕೆಯೂ ಹಾಗೇ. ವರ್ಷಕ್ಕೆ ಬೀಳುವ ಮಳೆಯಷ್ಟು ಉದ್ದದ ಹಗ್ಗ ಕತ್ತರಿಸಿ ನೇತುಹಾಕಬೇಕು. ನಮ್ಮ ಕಲಬುರಗಿ ಜಿಲ್ಲೆಯದು ಏಳೆಂಟು ನೂರು ಮಿಲಿಮೀಟರ್, ಮಕ್ಕಳ ಸೊಂಟದವರೆಗೆ ಬಂತು. ಕೈಪಿಡಿಯಲ್ಲಿ ಬೋರ್ನಿಯೊ ದ್ವೀಪದ ಮಳೆ ಇದೆ. ಆಗುಂಬೆಯನ್ನು ನಾನೇ ಸೇರಿಸಿದೆ. ಏಳು ಸಾವಿರ ಮಿಲಿಮೀಟರ್‌ಗೂ ಹೆಚ್ಚು, ಅಂದರೆ ಏಳು ಮೀಟರ್. ಶಾಲೆಯ ಛಾವಣಿಯಿಂದ ಬಿಟ್ಟರೂ ನೆಲದ ಮೇಲೆ ಸುತ್ತಿ ಬಿತ್ತು. ಒಂದೇ ರಾಜ್ಯದಲ್ಲಿ ಇಷ್ಟು ಫರಕು ಅಂತ ಅವರಿಗೆ ಗೊತ್ತಿರಲಿಲ್ಲ. ಆ ಹಗ್ಗ ಇನ್ನೂ ವರಾಂಡದಲ್ಲಿ ನೇತಾಡುತ್ತಿದೆ. ಮರದ ಎತ್ತರಕ್ಕೂ ಹೀಗೇ ಮಾಡೋಣ ಅಂದರು. ಮಲೇಷ್ಯಾದ ಸಬಾದಲ್ಲಿ 2019ರಲ್ಲಿ ಅಳೆದ ಒಂದು ಹಳದಿ ಮೆರಂಟಿ ಮರ 100.8 ಮೀಟರ್ ಇದೆ. ಪ್ರವಾಸಕ್ಕೆ ಹೋದಾಗ ವಿಜಯಪುರದಲ್ಲಿ ಗೋಲ್‌ಗುಂಬಜ್ ನೋಡಿದ್ದೀರಲ್ಲ, ಹೆಚ್ಚುಕಡಿಮೆ ಅಂಥವು ಎರಡು, ಒಂದರ ಮೇಲೊಂದು ಅಂತ ಹೇಳಿ ಬಿಟ್ಟೆ.

ಈಗ ಈ ಕಿಟ್‌ಗೆ ನಾನು ದುಡ್ಡು ಕೊಟ್ಟದ್ದು ಸಾರ್ಥಕ ಅನ್ನಿಸಿದ ಆಟಕ್ಕೆ ಬರುತ್ತೇನೆ. ಸುಮಾತ್ರಾದ ಘೇಂಡಾಮೃಗದ ಆಟ.

ಡಬ್ಬಿಗಳು ಜೋಡಿ ಜೋಡಿ. ಒಂದು ಜೋಡಿಯಲ್ಲಿ ಒಂದೇ ಕಾಳು, ಒಂದೇ ಸದ್ದು. ಕಿಟ್‌ನವರು ಕೊಟ್ಟದ್ದು ಪ್ಲಾಸ್ಟಿಕ್ ಮಣಿ, ಮುಚ್ಚಳ ಸಡಿಲ, ಎರಡನೇ ಸುತ್ತಿಗೇ ಹಾರಿ ಮಣಿಯೆಲ್ಲ ಮಣ್ಣುಪಾಲು. ಖಾಲಿ ಕೆಮ್ಮಿನ ಔಷಧದ ಬಾಟಲಿ ತರಿಸಿ ತೊಗರಿ, ಜೋಳ, ಕಡಲೆ, ಮರಳು, ಸಣ್ಣ ಕಲ್ಲು ತುಂಬಿದೆವು. ಸದ್ದು ಇನ್ನೂ ಚೆನ್ನಾಗಿ ಬಂತು. ಕಣ್ಣಿಗೆ ಬಟ್ಟೆ ಕಟ್ಟಿ, ಬಾಟಲಿ ಅಲ್ಲಾಡಿಸುತ್ತಾ ಮಾತಾಡದೆ ತನ್ನ ಜೋಡಿಯನ್ನು ಹುಡುಕಬೇಕು. ಮೊದಲ ಸುತ್ತಿನಲ್ಲಿ ಇಪ್ಪತ್ತು ಜನ ಖೊಖೊ ಅಂಕಣದೊಳಗೆ. ಒಂದು ನಿಮಿಷ ಆಗುವುದರೊಳಗೆ ಹೆಚ್ಚಿನವರು ಸಿಕ್ಕರು, ನಗು, ಕೇಕೆ. ಎರಡನೇ ಸುತ್ತಿನಲ್ಲಿ ಮೂರೇ ಜೋಡಿ, ಇಡೀ ಮೈದಾನ. ಉಳಿದವರು ಮರಗಳು, ಬೇಕಾದ ಹಕ್ಕಿಯ, ಜೀರುಂಡೆಯ ಸದ್ದು ಮಾಡಬಹುದು. ಒಂದು ಜೋಡಿ ಮಾತ್ರ ಸಿಕ್ಕಿತು. ಮೂರನೇ ಸುತ್ತಿನಲ್ಲಿ ಮೈದಾನದ ನಡುವೆ ಹಗ್ಗ ಎಳೆದು, ಇದು ರಸ್ತೆ, ಇದು ಪಾಮ್ ಎಣ್ಣೆ ಕೊಡುವ ಎಣ್ಣೆತಾಳೆಯ ತೋಟ, ದಾಟುವ ಹಾಗಿಲ್ಲ ಅಂದೆ. ಯಾರೂ ಸಿಗಲಿಲ್ಲ. ಒಬ್ಬಳು ಕಾಂಪೌಂಡ್ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಬಾಟಲಿ ಅಲ್ಲಾಡಿಸುತ್ತಲೇ ಇದ್ದಳು. ಅವಳ ಜೋಡಿ ಆಚೆ ತುದಿಯ ಬೇವಿನ ಮರದ ಹತ್ತಿರ ನಿಂತು "ಎಲ್ಲಿ ಅದೀಯೇ?" ಅಂತ ಕೂಗಿಯೇ ಬಿಟ್ಟಳು, ನಿಯಮ ಮುರಿದು.

ಈ ಆಟವನ್ನು ರೂಪಿಸಿದವರಿಗೆ ವಿಷಯ ಗೊತ್ತಿದೆ. ಈ ಘೇಂಡಾಮೃಗ ಕಡಿಮೆಯಾದದ್ದಕ್ಕೆ ಬೇಟೆ, ಕಾಡು ಕಡಿದದ್ದು ಕಾರಣ. ಆದರೆ ಈಗಿನ ಸಂಕಟ ಬೇರೆ. 2022ರ ಅಂದಾಜಿನಲ್ಲಿ ಉಳಿದದ್ದು 34ರಿಂದ 47. ಅವೂ ಸುಮಾತ್ರಾದ ಕಾಡುಗಳಲ್ಲಿ, ಬೋರ್ನಿಯೊದ ಒಂದು ಮೂಲೆಯಲ್ಲಿ ಚದುರಿಹೋಗಿವೆ. ಗಂಡು ಹೆಣ್ಣು ಎದುರಾಗುವುದೇ ಇಲ್ಲ. ಬಹುಕಾಲ ಕೂಡದೆ ಉಳಿದ ಹೆಣ್ಣುಗಳ ಗರ್ಭಕೋಶದಲ್ಲಿ ಗಡ್ಡೆ ಬೆಳೆಯುತ್ತದೆ, ಆಮೇಲೆ ಗಂಡು ಸಿಕ್ಕರೂ ಮರಿ ನಿಲ್ಲುವುದು ಕಷ್ಟ. ಅದಕ್ಕೇ ಇಂಡೋನೇಷ್ಯಾದವರು ಸುಮಾತ್ರಾದ ವೇ ಕಂಬಾಸ್ ರಾಷ್ಟ್ರೀಯ ಉದ್ಯಾನದಲ್ಲಿ ಕೆಲವನ್ನು ಒಟ್ಟಿಗೆ ಸಾಕುತ್ತಿದ್ದಾರೆ. 2012ರಲ್ಲಿ ಅಲ್ಲಿ ಮೊದಲ ಮರಿ ಹುಟ್ಟಿತು, ಆಂಡಾತು ಅಂತ ಹೆಸರಿಟ್ಟರು. ಗರ್ಭಕೋಶದ ಮಾತು ಏಳನೇ ತರಗತಿಗೆ ಹೇಳಬೇಕೋ ಬೇಡವೋ ಅಂತ ಕೈಪಿಡಿ ಅಳುಕಿದೆ, ಒಂದು ಸಾಲಿನಲ್ಲಿ ಮುಗಿಸಿದೆ. ನಮ್ಮ ಮಕ್ಕಳು ಎಮ್ಮೆ, ಆಡು ಸಾಕಿದ ಮನೆಯವರು. ಗಬ್ಬ ನಿಲ್ಲದ ಎಮ್ಮೆಯ ಕಥೆ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ನೇರ ಹೇಳಿದೆ. "ನಮ್ ಸಾಲಿ ಹುಡುಗ್ರಕಿಂತ ಕಮ್ಮಿ ಅದಾವಲ್ರಿ ಟೀಚರ್ರೀ!" ಅಂದ ಹಿಂದಿನ ಸಾಲಿನವ. ಎಷ್ಟೋ ಪಾಲು ಕಮ್ಮಿ.

ಇದೇ ಘೇಂಡಾಮೃಗದ ಕಾರ್ಡಿನಲ್ಲಿ ತಪ್ಪಿದೆ. ವಾಸ: ಇಂಡೋನೇಷ್ಯಾ, ಮಲೇಷ್ಯಾ ಎಂದು ಅಚ್ಚಾಗಿದೆ. ಮಲೇಷ್ಯಾದಲ್ಲಿ ಉಳಿದಿದ್ದ ಕೊನೆಯದು, ಇಮಾನ್ ಎಂಬ ಹೆಣ್ಣು, 2019ರ ನವೆಂಬರ್‌ನಲ್ಲಿ ಸತ್ತಿತು. ಒರಾಂಗುಟಾನ್ ಕಾರ್ಡಿನಲ್ಲಿ ಎರಡೇ ಪ್ರಭೇದ ಬರೆದಿದ್ದಾರೆ. ಸುಮಾತ್ರಾದ ಬಟಾಂಗ್ ತೋರು ಕಾಡಿನ ತಪಾನುಲಿ ಒರಾಂಗುಟಾನ್ ಬೇರೆಯೇ ಪ್ರಭೇದ ಅಂತ ವಿಜ್ಞಾನಿಗಳು 2017ರಲ್ಲೇ ಹೇಳಿಯಾಗಿದೆ, ಅದು ಎಂಟುನೂರಕ್ಕಿಂತ ಕಡಿಮೆ ಉಳಿದಿದೆ. ಹಳೆ ಮಾಹಿತಿ ಹಾಗೇ ಹೊಸ ಪೆಟ್ಟಿಗೆಗೆ ಹೋಗಿದೆ. ನಾನು ಪೆನ್ನಿನಲ್ಲಿ ತಿದ್ದಿದ್ದೇನೆ. ಅಳಿವಿನ ವಿಷಯದ ಕಿಟ್‌ನಲ್ಲಿ ಅಳಿದದ್ದೇ ಗೊತ್ತಿಲ್ಲದಿದ್ದರೆ ಹೇಗೆ?

ಸಾವೊಲಾ ಕಾರ್ಡು ಮಾತ್ರ ಬಹಳ ಚಂದ. ವಿಯೆಟ್ನಾಮ್, ಲಾವೋಸ್ ಗಡಿಯ ಬೆಟ್ಟಗಾಡಿನ ಪ್ರಾಣಿ, ನೇರವಾದ ಎರಡು ಉದ್ದ ಕೊಂಬು. ಬೇಟೆಗಾರರ ಮನೆಯಲ್ಲಿದ್ದ ಕೊಂಬು ನೋಡಿ 1992ರಲ್ಲಿ ವಿಜ್ಞಾನಿಗಳಿಗೆ ಇಂಥದೊಂದು ಇದೆ ಅಂತ ತಿಳಿಯಿತು. 2013ರಲ್ಲಿ ಕ್ಯಾಮೆರಾ ಬಲೆಗೆ ಒಮ್ಮೆ ಬಿತ್ತು. ಆಮೇಲೆ ಫೋಟೋ ಇಲ್ಲ. ಸಿಕ್ಕಿದ್ದೂ ಈಗ, ಕಳೆಯುತ್ತಿರುವುದೂ ಈಗ.

ಗಿಬ್ಬನ್ ಆಟವನ್ನು ನಮ್ಮ ಶಾಲೆಗೆ ಒಗ್ಗಿಸಿಕೊಳ್ಳಬೇಕಾಯಿತು. ಡೆಸ್ಕಿನಿಂದ ಡೆಸ್ಕಿಗೆ ನೆಲ ಮುಟ್ಟದೆ ದಾಟಬೇಕು, ಟೀಚರ್ ಒಂದೊಂದೇ ಡೆಸ್ಕ್ ತೆಗೆಯುತ್ತಾ ಹೋಗಬೇಕು. ನಮ್ಮ ಮಕ್ಕಳು ಕೂರುವುದು ಜಮಖಾನೆಯ ಮೇಲೆ. ಡೆಸ್ಕ್ ಬದಲು ಗೋಣಿಚೀಲ ಹಾಸಿದೆವು. ಕೈಪಿಡಿ ಕೊಟ್ಟ ಉದಾಹರಣೆ ಅಸ್ಸಾಂನ ಹೊಲ್ಲೊಂಗಾಪಾರ್, ನಮ್ಮ ದೇಶದ ವಾನರವಾದ ಹೂಲಾಕ್ ಗಿಬ್ಬನ್ ಇರುವ ಅಭಯಾರಣ್ಯ. ರೈಲು ಹಳಿ ಆ ಕಾಡನ್ನು ಎರಡು ತುಂಡು ಮಾಡಿದೆ. ಕೈಯಿಂದ ಕೈಗೆ ಜೋಲಾಡುತ್ತಾ ಕೊಂಬೆಯ ಮೇಲೆಯೇ ಬದುಕುವ ಪ್ರಾಣಿ, ನೆಲಕ್ಕಿಳಿದು ಹಳಿ ದಾಟುವ ಗೋಜಿಗೇ ಹೋಗದು. ಚೀಲಗಳ ನಡುವಿನ ಸಂದು ಅಗಲವಾದಂತೆ ನಮ್ಮ ಎತ್ತರದ ಹುಡುಗರು ಹಾರಿದರು, ಕುಳ್ಳರು ಉಳಿದರು. "ಒಂದ್ ಹಗ್ಗ ಕಟ್ರಿ, ನಾವು ಬರ್ತೀವಿ" ಅಂದಳು ಉಳಿದವಳೊಬ್ಬಳು. ಮರದಿಂದ ಮರಕ್ಕೆ ಹಗ್ಗದ ಸೇತುವೆ ಕಟ್ಟುವ ಉಪಾಯ ಮುಂದಿನ ಪುಟದಲ್ಲಿತ್ತು, ಅವಳಿಗೆ ತೋರಿಸಿದೆ.

ಆದರೆ ಇಲ್ಲೇ ನನ್ನ ದೊಡ್ಡ ತಕರಾರು. ಬೋರ್ನಿಯೊದ ಉದ್ದ ಮೂಗಿನ ಮಂಗ ಇದೆ, ಫಿಲಿಪ್ಪೀನ್ಸ್‌ನ ಹದ್ದು ಇದೆ, ಸಿಂಗಳೀಕ ಇಲ್ಲ! ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ, ನಮ್ಮದೇ ಶರಾವತಿ, ಅಘನಾಶಿನಿ ಕಣಿವೆಗಳಲ್ಲಿರುವ, ಅದೂ ನೆಲಕ್ಕೆ ಅಪರೂಪಕ್ಕೆ ಇಳಿಯುವ ಮಂಗ. ಗಿಬ್ಬನ್ ಆಟಕ್ಕೆ ಅದಕ್ಕಿಂತ ಹತ್ತಿರದ ಉದಾಹರಣೆ ಎಲ್ಲಿ ಸಿಗುತ್ತದೆ? ಕನ್ನಡದಲ್ಲಿ ಅಚ್ಚು ಹಾಕಿ ಮಾರುವವರಿಗೆ ಇದು ಹೊಳೆಯಬೇಕಿತ್ತು. ರಟ್ಟಿನ ಮೇಲೆ ಸಿಂಗಳೀಕ ಬರೆದು ಕಟ್ಟಿಗೆ ಸೇರಿಸಿದ್ದೇವೆ. ಮುಖದ ಸುತ್ತ ಬಿಳಿ ಕೇಸರಕ್ಕೆ ಹತ್ತಿ ಅಂಟಿಸಿದ್ದಾರೆ, ಹತ್ತಿಗೆ ನಮ್ಮಲ್ಲಿ ಬರವಿಲ್ಲ.

ಚಿಪ್ಪುಹಂದಿ ಕಾರ್ಡು ಬಂದಾಗ ಇನ್ನೊಂದು ಕಥೆ. ತಾಂಡಾದ ಹುಡುಗನೊಬ್ಬ "ನಮ್ ಮುತ್ಯಾ ನೋಡ್ಯಾನಂತ್ರಿ, ಮುಟ್ಟಿದ್ರ ಚಂಡಿನಂಗ ಆಗ್ತದಂತ" ಅಂದ. ಎಲ್ಲಿ ಅಂತ ಹೇಳಲು ಬಾಯಿ ತೆಗೆದ, ನಾನು ಅಲ್ಲೇ ತಡೆದೆ. ಅದರ ಚಿಪ್ಪು ನಮ್ಮ ಉಗುರು ಯಾವುದರಿಂದ ಆಗಿದೆಯೋ ಅದೇ ಕೆರಟಿನ್, ಔಷಧಿ ಗುಣ ಯಾವುದೂ ಸಾಬೀತಾಗಿಲ್ಲ. ಆದರೂ ಅದಕ್ಕಾಗಿ ಹಿಡಿದು ಸಾಗಿಸುತ್ತಾರೆ. ಎಂಟೂ ಪ್ರಭೇದಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಲು 2016ರಲ್ಲಿ ದೇಶಗಳು ಒಪ್ಪಿದ ಮೇಲೂ ನಿಂತಿಲ್ಲ. ಕಂಡ ಜಾಗ ಯಾರಿಗೂ ಹೇಳಬಾರದು, ಹೇಳುವುದಿದ್ದರೆ ಅರಣ್ಯ ಇಲಾಖೆಯವರಿಗೆ ಮಾತ್ರ ಅಂದೆ. ಕೈಪಿಡಿಯಲ್ಲಿ ಈ ಎಚ್ಚರಿಕೆ ಇಲ್ಲ. ‘ನಿಮ್ಮ ಊರಿನಲ್ಲಿ ಕಂಡ ಅಪರೂಪದ ಪ್ರಾಣಿಯ ನಕ್ಷೆ ಬಿಡಿಸಿ ಗೋಡೆಗೆ ಅಂಟಿಸಿ’ ಅಂತ ಚಟುವಟಿಕೆಯೇ ಇದೆ. ಕಾಡಿನಂಚಿನ ಶಾಲೆಯವರು ದಯವಿಟ್ಟು ಅದನ್ನು ಮಾಡಿಸಬೇಡಿ.

ಎಣ್ಣೆತಾಳೆಯ ಚಟುವಟಿಕೆ ಅರ್ಧ ಚೆನ್ನಾಗಿದೆ. ಮಕ್ಕಳು ಬಿಸ್ಕತ್ತು, ಚಿಪ್ಸ್, ಸಾಬೂನಿನ ಖಾಲಿ ಕವರ್ ತಂದು, ಹಿಂಬದಿಯ ಸಣ್ಣ ಅಕ್ಷರದಲ್ಲಿ ಪಾಮ್ ಎಣ್ಣೆ, ಪಾಮೊಲಿನ್ ಹುಡುಕಬೇಕು. ಭೂತಗನ್ನಡಿ ಕೊಟ್ಟಿದ್ದಾರೆ, ಒಳ್ಳೆಯದೇ ಕೊಟ್ಟಿದ್ದಾರೆ. ಐದು ರೂಪಾಯಿ ಪೊಟ್ಟಣಗಳಲ್ಲಿ ಅದಿಲ್ಲದ್ದು ಸಿಗುವುದೇ ಕಷ್ಟವಾಯಿತು. ಜಗತ್ತಿನ ಪಾಮ್ ಎಣ್ಣೆಯ ಬಹುಪಾಲು ಇಂಡೋನೇಷ್ಯಾ, ಮಲೇಷ್ಯಾದಿಂದ, ಅತಿ ಹೆಚ್ಚು ಆಮದು ಮಾಡುವ ದೇಶ ನಮ್ಮದು. ಬೋರ್ನಿಯೊದ ಕಾಡಿಗೂ ನಮ್ಮ ಊರಿನ ಕಿರಾಣಿ ಅಂಗಡಿಗೂ ಹೀಗೆ ನಂಟು ಹಾಕಿದ್ದು ಜಾಣತನ.

ಮುಂದಿನ ಹೆಜ್ಜೆಯಲ್ಲಿ ಕೆಟ್ಟಿತು. ‘ಪಾಮ್ ಎಣ್ಣೆ ಬಳಸುವುದಿಲ್ಲ ಎಂದು ಪ್ರತಿಜ್ಞೆ ಮಾಡಿಸಿ’ ಎನ್ನುತ್ತದೆ ಕೈಪಿಡಿ. ಯಾರಿಂದ ಮಾಡಿಸಲಿ? ಒಂದು ಕಾಲಕ್ಕೆ ರೇಷನ್ ಅಂಗಡಿಯಲ್ಲೇ ಅದನ್ನು ಕೊಡುತ್ತಿದ್ದರು. ಈಗಲೂ ಎಷ್ಟೋ ಮನೆಗಳಲ್ಲಿ ಒಗ್ಗರಣೆ ಬೀಳುವುದು ಅದರಲ್ಲೇ, ಅಗ್ಗ ಅಂತ. ಅಪ್ಪ ಅವ್ವ ಸುಗ್ಗಿ ಮುಗಿದ ಮೇಲೆ ಹೈದರಾಬಾದಿಗೋ ಮುಂಬೈಗೋ ದುಡಿಯಲು ಹೋಗುವ ಮನೆಯ ಮಗು, ಒರಾಂಗುಟಾನ್ ಸಾಯಲು ತನ್ನ ಅವ್ವನ ಬಾಣಲೆ ಕಾರಣ ಅಂದುಕೊಂಡು ಮನೆಗೆ ಹೋಗುವುದು ನನಗೆ ಬೇಡ. ಇನ್ನೊಂದು ಮಾತು, ಒಂದು ಹೆಕ್ಟೇರಿನಲ್ಲಿ ಎಣ್ಣೆತಾಳೆ ಕೊಡುವಷ್ಟು ಎಣ್ಣೆಯನ್ನು ಸೋಯಾ, ಸೂರ್ಯಕಾಂತಿ ಕೊಡಲಾರವು. ಎಲ್ಲರೂ ಬಿಟ್ಟು ಬೇರೆ ಎಣ್ಣೆಗೆ ಹೋದರೆ ಇನ್ನೂ ಹೆಚ್ಚು ನೆಲ ಬೇಕಾಗುತ್ತದೆ. ಹೊಸ ಕಾಡು ಕಡಿಯದೆ ಬೆಳೆದದ್ದನ್ನು ಕಂಪನಿಗಳು ಕೊಳ್ಳಬೇಕು, ಕೇಳಬೇಕಾದದ್ದು ಅವರನ್ನು. ಪ್ರತಿಜ್ಞೆ ಬಿಟ್ಟು, ಮನೆಯಲ್ಲಿ ಮೊದಲು ಯಾವ ಎಣ್ಣೆ ಇತ್ತು ಅಂತ ಹಿರಿಯರನ್ನು ಕೇಳಿಕೊಂಡು ಬರಲು ಹೇಳಿದೆ. ಹೆಚ್ಚಿನವರು ತಂದ ಉತ್ತರ ಕುಸುಬಿ. ಮುಳ್ಳಿನ ಗಿಡ, ದನ ಒಳಗೆ ಬಾರದಿರಲೆಂದು ಹೊಲದ ಅಂಚಿಗೂ ಹಾಕುತ್ತಿದ್ದರು. ಈಗ ಕೊಯ್ಯಲು ಆಳು ಸಿಗುವುದಿಲ್ಲ, ಕಡಿಮೆಯಾಗಿದೆ. ಆ ಪೀರಿಯಡ್ ಗಂಟೆ ಹೊಡೆದರೂ ಮುಗಿಯಲಿಲ್ಲ.

ವರ್ಕ್‌ಶೀಟ್ ಯಾಕೆ ಬೇಡ ಅಂದರೆ: ಬಿಟ್ಟ ಸ್ಥಳ ತುಂಬಿ, ಬಣ್ಣ ಹಚ್ಚಿ, ‘ನಿಮ್ಮ ಮನೆಯ ಹಿಂದಿನ ಉದ್ಯಾನದಲ್ಲಿ’ ಹಕ್ಕಿ ಎಣಿಸಿ. ಇಂಥವು ಎಲ್ಲ ಗೈಡುಗಳಲ್ಲೂ ಇವೆ. ಒಂದೇ ಪ್ರತಿ ಬರುತ್ತದೆ, ಉಳಿದವರಿಗೆ ಕಲರ್ ಜೆರಾಕ್ಸ್ ಮಾಡಿಸಿ ಎನ್ನುತ್ತಾರೆ. ಜೆರಾಕ್ಸ್‌ಗೆ ಚಿಂಚೋಳಿಗೆ ಹೋಗಬೇಕು, ದುಡ್ಡು ಕೈಯಿಂದ ಹಾಕಬೇಕು.

ಪೆಟ್ಟಿಗೆ ಓದಿದ ಮಗುವಿಗೆ ಕಾಡು ಅಂದರೆ ಹಸಿರು, ತೇವ, ಸಮುದ್ರದಾಚೆ ಅನ್ನಿಸಿಬಿಡುವ ಅಪಾಯವೂ ಇದೆ. ನಮ್ಮ ಪಕ್ಕದಲ್ಲೇ ಚಿಂಚೋಳಿ ವನ್ಯಜೀವಿಧಾಮ ಇದೆ, 2011ರಲ್ಲಿ ಘೋಷಣೆಯಾದದ್ದು, ಸುಮಾರು 134 ಚದರ ಕಿಲೋಮೀಟರ್. ಬೇಸಿಗೆಯಲ್ಲಿ ಎಲೆ ಉದುರಿಸಿ ಒಣಗಿ ನಿಲ್ಲುವ ಕಾಡು, ನಡುವೆ ಚಂದ್ರಂಪಳ್ಳಿ ಜಲಾಶಯ. ತೋಳ, ಕತ್ತೆಕಿರುಬ ಇವೆ. ಅವಕ್ಕೂ ರಟ್ಟಿನ ಕಾರ್ಡು ಮಾಡಿ, ಎಲೆ ಉದುರುವ ಕಾಡಿಗೆ ಹಳೆ ಪಂಚೆಯ ಮೇಲೆ ಬೇರೆ ಬಟ್ಟೆ ಚಿತ್ರವನ್ನು ಮಕ್ಕಳೇ ಬರೆಯುತ್ತಿದ್ದಾರೆ. ಕತ್ತೆಕಿರುಬನ ಹಿಂಗಾಲು ಗಿಡ್ಡ ಬರೆಯಬೇಕೋ ಮುಂಗಾಲೋ ಅನ್ನುವ ಜಗಳ ಇನ್ನೂ ತೀರ್ಮಾನವಾಗಿಲ್ಲ.

ಕೊಳ್ಳುವವರಿಗೆ ಕೊನೆಯ ಮಾತು. ಅಂಗಡಿಯವರು ಮೊದಲು 3,000 ಹೇಳುತ್ತಾರೆ, ಶಾಲೆಯ ಸೀಲ್ ಇರುವ ಪತ್ರ ತೋರಿಸಿದರೆ ಇಳಿಸುತ್ತಾರೆ, ಜಿಎಸ್‌ಟಿ ಬಿಲ್ಲನ್ನು ಅಲ್ಲೇ ಕೇಳಿ ಪಡೆಯಿರಿ. ಪೆಟ್ಟಿಗೆ ಬಿಚ್ಚಿಸಿ ಬಟ್ಟೆ ಎರಡೂ ಇವೆಯೇ ನೋಡಿ, ನನ್ನ ಜೊತೆಗೇ ಕೊಂಡ ಇನ್ನೊಂದು ಶಾಲೆಯವರಿಗೆ ಹೂವಿನ ಬಟ್ಟೆ ಇರಲಿಲ್ಲ. ಕಾರ್ಡುಗಳಿಗೆ ಲ್ಯಾಮಿನೇಷನ್ ಮಾಡಿಸಿಯೇ ಮಕ್ಕಳ ಕೈಗೆ ಕೊಡಿ. ಪ್ರತಿ ಶಾಲೆಗೂ ಒಂದೊಂದು ಬೇಕಿಲ್ಲ, ಕ್ಲಸ್ಟರ್‌ಗೆ ಒಂದಿದ್ದರೆ ಸಾಕು. ನಮ್ಮದು ಈಗ ಪಕ್ಕದ ಊರಿನ ಶಾಲೆಗೆ ಹೋಗಿದೆ, ಬಾಟಲಿಗಳ ಸಮೇತ, ವರ್ಕ್‌ಶೀಟ್ ಪುಸ್ತಕ ಬಿಟ್ಟು.